ಡ್ರಮ್ಮಿನ ಮೈ ಯಾವ ಲೋಹ? ಕಂಡುಹಿಡಿಯೋದು ಹೇಗೆ?



ಆಗಸ್ಟ್ 15ಕ್ಕೆ ನಾವು ಸಾಲಾಗಿ ಹೋಗುವಾಗ ಮುಂದೆ ಝರ್ ಝರ್ ಎಂದು ಬಾರಿಸುವ ಡ್ರಮ್ಮನ್ನು ನೀವೆಲ್ಲಾ ನೋಡಿದ್ದೀರಿ. ಅದೇ ಸೈಡ್ ಡ್ರಮ್. ಸ್ನೇರ್ ಡ್ರಮ್ ಎಂದೂ ಹೇಳುತ್ತಾರೆ. ಕೆಳಗಿನ ಚರ್ಮಕ್ಕೆ ತಾಗಿಕೊಂಡು ತಂತಿಗಳು ಇರುವುದರಿಂದ ಆ ಶಬ್ದ ಬರುತ್ತದೆ. ಎರಡು ಚರ್ಮಗಳ ನಡುವಿನ ದುಂಡನೆಯ ಮೈಗೆ ಶೆಲ್ ಎಂದು ಹೆಸರು. ಇದನ್ನು ಮರ, ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಂ ಮುಂತಾದವುಗಳಿಂದ ಮಾಡುತ್ತಾರೆ. ಲೋಹದ ಶೆಲ್ಲಿಗೆ ಹೆಚ್ಚಾಗಿ ನಿಕ್ಕಲ್ ಅಥವಾ ಕ್ರೋಮಿಯಂ ಲೇಪನ ಇರುತ್ತದೆ. ಆದ್ದರಿಂದ ಹೊರಗಿನಿಂದ ಎಲ್ಲವೂ ಒಂದೇ ತರ ಬೆಳ್ಳಗೆ ಹೊಳೆಯುತ್ತವೆ.

ನಮ್ಮ ತಾತ ಮೊದಲು ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದರು. ಅದು ಅಟ್ಟದ ಮೇಲೆ ಬಿದ್ದಿತ್ತು. ಹೋದ ತಿಂಗಳು ಗುಜರಿಯವರು ಬಂದಾಗ ಅಮ್ಮ ಕೆಳಗೆ ಇಳಿಸಿದರು. ಗುಜರಿಯವರು ಮ್ಯಾಗ್ನೆಟ್ ಇಟ್ಟರು. ಟಕ್ ಅಂತ ಹಿಡಿಯಿತು. "ಕಬ್ಬಿಣ ಕಣಕ್ಕಾ, ಕಬ್ಬಿಣದ ರೇಟೇ ಕೊಡೋದು" ಅಂದರು. ತಾತ "ಅದು ಹಿತ್ತಾಳೆ" ಅಂದರು. ತಾತನಿಗೆ ಈಗ ಮರೆವು ಜಾಸ್ತಿ. ಊಟ ಮಾಡಿದ್ದನ್ನೇ ಮರೆತು ಇನ್ನೊಂದು ಸಲ ಕೇಳುತ್ತಾರೆ. ಅದಕ್ಕೆ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೆ ತಾತ ಡ್ರಮ್ಮನ್ನು ತಬ್ಬಿಕೊಂಡು ಬಿಡಲೇ ಇಲ್ಲ. "ನಾಡಿದ್ದು ಬರ್ತೀನಿ" ಎಂದು ಗುಜರಿಯವರು ಹೋದರು.

ಮಾರನೇ ದಿನ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. "ಮ್ಯಾಗ್ನೆಟ್ ಎಲ್ಲಿಗೆ ಇಟ್ಟರು?" ಎಂದು ಕೇಳಿದರು. ನೆನಪು ಮಾಡಿಕೊಂಡೆ. ಚರ್ಮ ಹಿಡಿದಿರುವ ಬಳೆಗೆ ಇಟ್ಟಿದ್ದರು! ಬಳೆ ಮತ್ತು ಬೋಲ್ಟುಗಳು ಸಾಮಾನ್ಯವಾಗಿ ಉಕ್ಕಿನವು. ಅವು ಹಿಡಿದರೆ ಶೆಲ್ಲೂ ಉಕ್ಕು ಎಂದು ಹೇಳಲು ಬರುವುದಿಲ್ಲ. ಆಮೇಲೆ ಮೇಷ್ಟ್ರು ಹೇಳಿಕೊಟ್ಟ ಹಾಗೆ ಮನೆಯಲ್ಲಿ ಪರೀಕ್ಷೆ ಮಾಡಿದೆ.

1. ಅಯಸ್ಕಾಂತ: ಕೆಟ್ಟ ರೇಡಿಯೋದ ಸ್ಪೀಕರಿನ ಮ್ಯಾಗ್ನೆಟ್ಟನ್ನು ಶೆಲ್ಲಿನ ಮೈಗೇ ಇಟ್ಟೆ. ಹಿಡಿಯಲಿಲ್ಲ, ಜಾರಿತು. ಆದರೆ ಇಷ್ಟಕ್ಕೇ ಹಿತ್ತಾಳೆ ಎನ್ನಬಾರದು. ಅಲ್ಯೂಮಿನಿಯಮ್ಮೂ, ಕೆಲವು ಸ್ಟೇನ್‌ಲೆಸ್ ಸ್ಟೀಲೂ ಹಿಡಿಯುವುದಿಲ್ಲ. ಇನ್ನೊಂದು ವಿಷಯ, ನಿಕ್ಕಲ್ಲನ್ನೂ ಅಯಸ್ಕಾಂತ ಎಳೆಯುತ್ತದೆ. ಲೇಪನದಿಂದ ಸ್ವಲ್ಪ ಎಳೆತ ಕಂಡರೆ ಮೋಸ ಹೋಗಬೇಡಿ.

2. ತೂಕ: ಒಂದೇ ಅಳತೆಯ ಅಲ್ಯೂಮಿನಿಯಂ ಶೆಲ್ಲಿಗಿಂತ ಹಿತ್ತಾಳೆಯದು ಮೂರು ಪಟ್ಟು ಭಾರ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ, ಹಿತ್ತಾಳೆ ಸುಮಾರು 8.5 ಗ್ರಾಂ. ತಾತನ ಡ್ರಮ್ ಎತ್ತಿದರೆ ಕೈ ಜಗ್ಗುತ್ತಿತ್ತು.

3. ಬಣ್ಣ: ಹೊರಗೆ ಗೀಚಬೇಡಿ, ಡ್ರಮ್ ಹಾಳಾಗುತ್ತದೆ. ಲೇಪನ ಸವೆದ ಜಾಗ ಹುಡುಕಿ. ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದರ ಅಂಚಿನಲ್ಲಿ ನಮ್ಮ ಪೂಜೆ ಚೊಂಬಿನ ಹಾಗೆ ಹಳದಿ ಕಾಣಿಸಿತು.

4. ಕಲೆ: ಕಬ್ಬಿಣ, ಉಕ್ಕಿಗೆ ಕೆಂಪು ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು, ಅಲ್ಯೂಮಿನಿಯಮ್ಮಿಗೆ ಬಿಳಿ ಪುಡಿ. ಡ್ರಮ್ಮಿನ ಒಳಗೆ ಹಸಿರು ಕಿಲುಬು ಇತ್ತು.

ಶಬ್ದ ಕೇಳಿ ಹೇಳುವುದು ಕಷ್ಟ. ಚರ್ಮ ಎಷ್ಟು ಬಿಗಿಯಾಗಿದೆ ಎಂಬುದರಿಂದಲೂ ಶಬ್ದ ಬದಲಾಗುತ್ತದೆ.

ದೊಡ್ಡವರಿಗೂ ಈ ಗೊಂದಲ ಇದೆಯಂತೆ. ಅಮೆರಿಕದ ಷಿಕಾಗೋದಲ್ಲಿ ಶುರುವಾದ ಲಡ್ವಿಗ್ ಕಂಪನಿ 1960ರ ದಶಕದ ಮೊದಲ ವರ್ಷಗಳಲ್ಲಿ ಹಿತ್ತಾಳೆ ಶೆಲ್ಲಿಗೆ ಕ್ರೋಮಿಯಂ ಹಾಕುತ್ತಿತ್ತು. ಸುಮಾರು 1963ರಿಂದ ಅದೇ ತರದ ಡ್ರಮ್ಮನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿತು. ನೋಡಲು ಎರಡೂ ಒಂದೇ. ಹಳೇ ಡ್ರಮ್ ಕೊಳ್ಳುವವರು ಎತ್ತಿ ನೋಡಿ, ಒಳಗೆ ಇಣುಕಿ ಕೊಳ್ಳುತ್ತಾರೆ.

ಗುಜರಿಯವರು ಮತ್ತೆ ಬಂದರು. ನಾನು ಮ್ಯಾಗ್ನೆಟ್ ಇಟ್ಟು ತೋರಿಸಿದೆ. "ಹಂಗಾದ್ರೆ ಹಿತ್ತಾಳೆ ರೇಟೇ ಕೊಡ್ತೀನಿ" ಅಂದರು. ಅಮ್ಮ ತಾತನ ಮುಖ ನೋಡಿ "ಬ್ಯಾಡ, ಇರ್ಲಿ" ಅಂದರು. ನಾನು ತಾತನಿಗೆ "ತಪ್ಪಾಯ್ತು ತಾತ" ಅಂದೆ. ಯಾಕೆ ಅಂತ ಅವರಿಗೆ ನೆನಪಿರಲಿಲ್ಲ. ಆದರೆ ಕಡ್ಡಿ ಕೊಟ್ಟ ಕೂಡಲೇ ಸರಿಯಾಗಿ ಬಾರಿಸಿದರು.

ಗೆಳೆಯರೇ, ನಮ್ಮ ಶಾಲೆಯ ಡ್ರಮ್ ಯಾವ ಲೋಹದ್ದು? ಶನಿವಾರ ಮ್ಯಾಗ್ನೆಟ್ ತರುತ್ತೇನೆ, ಎಲ್ಲರೂ ಬನ್ನಿ. ಬಳೆಗೆ ಮಾತ್ರ ಇಡಬೇಡಿ!

— 7ನೇ ತರಗತಿ ವಿದ್ಯಾರ್ಥಿನಿ