ಗಂಟಲಿನಿಂದ ತುಟಿಯವರೆಗೆ: ಕುರ್‌ಆನ್ ಪಠಣದ ಧ್ವನಿವಿಜ್ಞಾನ

ರೋಣ, ನರಗುಂದ, ಗಜೇಂದ್ರಗಡದ ಮುಸ್ಲಿಂ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ದಖ್ಖನಿ ಉರ್ದು; ಪೇಟೆಯಲ್ಲಿ ಕನ್ನಡ. ಎರಡು ನುಡಿಗೂ ‘ಸ’ಕಾರ ಒಂದೇ. ಮದರಸಾದಲ್ಲಿ ಕುರ್‌ಆನ್ ಹಿಡಿದ ಮಗು ಮಾತ್ರ ಸೀನ್, ಸ್ವಾದ್, ಸೇ ಎಂಬ ಮೂರು ಅರಬ್ಬಿ ಅಕ್ಷರಗಳನ್ನು ಮೂರು ಬಗೆಯಾಗಿ ನುಡಿಯಬೇಕು. ದಖ್ಖನಿಯಲ್ಲಿ ‘ಖ’ದಂತೆ ಉಜ್ಜಿ ಬರುವ ಗಂಟಲ ಕಾಫನ್ನು ಕಿರುನಾಲಿಗೆಯ ಬಳಿ ತಡೆದು ಬಿಡಬೇಕು. ಈ ಉಚ್ಚಾರಣಾ ಶಾಸ್ತ್ರವೇ ತಜ್ವೀದ್. ಒಳ್ಳೆಯ ಪಠಣದ ಸೊಗಸಿಗೆ ರಾಗಕ್ಕಿಂತ ಮೊದಲ ಕಾರಣ ಈ ಕರಾರುವಾಕ್ಕು ಉಚ್ಚಾರವೇ.

ದನಿ ಹುಟ್ಟುವುದು ಧ್ವನಿತಂತುಗಳಲ್ಲಿ. ಗಂಡಸರು ಮಾತಾಡುವಾಗ ಅವು ಸೆಕೆಂಡಿಗೆ ಸುಮಾರು 120 ಸಲ ಕಂಪಿಸುತ್ತವೆ. ಅಲ್ಲಿಂದ ತುಟಿಯವರೆಗಿನ ಸುಮಾರು 17 ಸೆಂ.ಮೀ. ನಾಳ ತನ್ನ ಆಕಾರಕ್ಕೆ ತಕ್ಕಂತೆ ಕೆಲವು ಆವೃತ್ತಿಗಳಿಗೆ ಬಲ ಕೊಡುತ್ತದೆ, ಉಳಿದವನ್ನು ತಗ್ಗಿಸುತ್ತದೆ. ಸ್ವಾದ್ ನುಡಿಯುವಾಗ ನಾಲಿಗೆಯ ಬುಡ ಹಿಂದೆ ಸರಿದು ಗಂಟಲು ಕಿರಿದಾಗುತ್ತದೆ; ಪಕ್ಕದ ಸ್ವರದ ಎರಡನೆಯ ಅನುರಣನ ಆವೃತ್ತಿ ಕೆಳಗಿಳಿದು ದನಿ ದಪ್ಪವಾಗುತ್ತದೆ. ಸೀನ್‌ನಲ್ಲಿ ಈ ಇಳಿತವಿಲ್ಲ, ದನಿ ತೆಳು.

ನೂನ್, ಮೀಮ್‌ಗಳ ಮೇಲೆ ಎರಡು ಮಾತ್ರೆಯ ಹೊತ್ತು ನಿಲ್ಲುವುದು ಗುನ್ನಾ. ಆಗ ಮೆತ್ತನೆಯ ಅಂಗುಳ ಇಳಿದು ಮೂಗಿನ ಕುಹರ ತೆರೆಯುತ್ತದೆ, ತಂಬೂರಿಯಂಥ ಗುಂಗು ಏಳುತ್ತದೆ. ಬಾ, ಜೀಮ್, ದಾಲ್, ತ್ವಾ, ಗಂಟಲ ಕಾಫ್ ಸ್ವರವಿಲ್ಲದೆ ಬಂದರೆ, ತಡೆದ ಗಾಳಿಯನ್ನು ಪುಟಿಸಿ ಬಿಡಬೇಕು. ಇದು ಕಲ್ಕಲಾ. ಈ ಪುಟಿತ ಇಲ್ಲದಿದ್ದರೆ ಪದದ ಕೊನೆಯ ವ್ಯಂಜನ ಹಿಂದಿನ ಸಾಲಿಗೆ ಕೇಳುವುದೇ ಕಷ್ಟ.

ಸ್ವರವನ್ನು ಎರಡು, ನಾಲ್ಕು, ಆರು ಮಾತ್ರೆಗೆ ಎಳೆಯುವುದು ಮದ್. ಶ್ರುತಿ ಅಲುಗದಿರಲು ಉಸಿರಿನ ಒತ್ತಡ ಕೊನೆಯವರೆಗೂ ಸಮವಾಗಿರಬೇಕು. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ದೀರ್ಘ ಆಲಾಪಕ್ಕೂ ಇಂಥದೇ ಉಸಿರಿನ ಹಿಡಿತ ಬೇಕಿತ್ತು. ಆದರೆ ಪಠಣ ಹಾಡಲ್ಲ. ಮೊಹರಮ್ಮಿನ ಕನ್ನಡ ರಿವಾಯತ್ ಪದಗಳು ಹೆಜ್ಜೆ-ತಾಳಕ್ಕೆ ಕಟ್ಟಿದವು. ಪಠಣದಲ್ಲಿ ತಾಳವಿಲ್ಲ, ಅಕ್ಷರಗಳ ಅಳತೆಯೇ ಲಯ. ನಿಧಾನದ ಓದಿಗೆ ಒಂದು ಲಾಭವಿದೆ: ಗುಮ್ಮಟದ ಕೆಳಗೆ ಒಂದು ಅಕ್ಷರದ ಅನುರಣನ ತಗ್ಗಿದ ಮೇಲೆ ಮುಂದಿನದು ಬರುವುದರಿಂದ ಪದಗಳು ಕಲಸಿಹೋಗುವುದಿಲ್ಲ.

8ನೆಯ ಶತಮಾನದಲ್ಲಿ ಬಸ್ರಾದ ವಿದ್ವಾಂಸ ಖಲೀಲ್ ಇಬ್ನ್ ಅಹಮದ್ ತನ್ನ ಅರಬ್ಬಿ ನಿಘಂಟನ್ನು ಗಂಟಲಿನಲ್ಲಿ ಹುಟ್ಟುವ ಅಕ್ಷರದಿಂದ ಆರಂಭಿಸಿ ತುಟಿಯತ್ತ ಸಾಗಿಸಿದ. ನಮ್ಮ ವರ್ಗೀಯ ವ್ಯಂಜನಗಳೂ ಕವರ್ಗದಿಂದ ಪವರ್ಗದವರೆಗೆ ಅದೇ ದಾರಿ ಹಿಡಿದಿವೆ. ಮದರಸಾಕ್ಕೂ ಕನ್ನಡ ಶಾಲೆಗೂ ಹೋಗುವ ಮಗು ಎರಡು ಕಡೆಯೂ ಕಲಿಯುವುದು ಬಾಯೊಳಗಿನ ಅದೇ ನಕ್ಷೆಯನ್ನು. ಶಬ್ದದ ಪಾಠ ಮಾಡುವ ವಿಜ್ಞಾನ ಶಿಕ್ಷಕರು ಉದಾಹರಣೆಗೆ ದೂರ ಹೋಗಬೇಕಿಲ್ಲ. ಎರಡೂ ನುಡಿಗಳ ಅಕ್ಷರಗಳನ್ನು ನುಡಿದು ತೋರಿಸಬಲ್ಲ ಮಕ್ಕಳು ಅವರ ತರಗತಿಯಲ್ಲೇ ಇದ್ದಾರೆ.