ಎರಡು ದೂರದ ವಿಮಾನ ನಿಲ್ದಾಣಗಳ ನಡುವಣ ಅಂತರ ಮತ್ತು ಕಾಲ

ದೂರದ ಎರಡು ನಿಲ್ದಾಣಗಳ ಅಂತರವನ್ನು ಭೂಪಟದ ಮೇಲೆ ಅಳತೆಪಟ್ಟಿಯಿಟ್ಟು ನಿರ್ಣಯಿಸುವುದು ಯುಕ್ತವಲ್ಲ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಗಳನ್ನು ಉದಾಹರಣೆಯಾಗಿ ಪರಿಶೀಲಿಸೋಣ.

ಮರ್ಕೇಟರ್ ಭೂಪಟದಲ್ಲಿ ಶಾಂತಸಾಗರದ ಮೇಲೆ ಇವೆರಡನ್ನೂ ಸೇರಿಸುವ ಸರಳರೇಖೆಯನ್ನು ಎಳೆದರೆ, ಆ ಮಾರ್ಗದ ನಿಜವಾದ ಉದ್ದ ಸುಮಾರು 16,100 ಕಿ.ಮೀ. ಆದರೆ ಗೋಲದ ಮೇಲೆ ಅತಿ ಹ್ರಸ್ವವಾದ ಮಾರ್ಗವೆಂದರೆ ಮಹಾವೃತ್ತದ ಚಾಪ. ಗೋಲೀಯ ತ್ರಿಕೋಣಮಿತಿಯಿಂದ ಗಣಿಸಿದರೆ ಈ ಚಾಪ 125.8 ಡಿಗ್ರಿ, ಡಿಗ್ರಿಯೊಂದಕ್ಕೆ 111.2 ಕಿ.ಮೀ.ಯಂತೆ ದೂರವು ಸುಮಾರು 14,000 ಕಿ.ಮೀ. ಈ ಮಾರ್ಗವು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರುತ್ತದೆ. ಎರಡು ನಿಲ್ದಾಣಗಳ ರೇಖಾಂಶಗಳ ಅಂತರ 160 ಡಿಗ್ರಿಯಷ್ಟಿರುವುದರಿಂದ, ಉತ್ತರಧ್ರುವದ ಮೇಲೆಯೇ ಹಾದುಹೋದರೂ ಹೆಚ್ಚುವ ದೂರ 400 ಕಿ.ಮೀ.ಗಿಂತ ಕಡಮೆ.

ಇನ್ನು ಕಾಲದ ವಿಚಾರ. ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಧ್ರುವದ ಮೇಲೆ ಹಾದುಬಂದ ಏರ್ ಇಂಡಿಯಾ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯಿತು. ಏರುವಾಗ ಮತ್ತು ಇಳಿಯುವಾಗ ವೇಗ ಕಡಮೆಯಾಗುವುದು, ಗಾಳಿಯ ದಿಕ್ಕು, ಮಾರ್ಗದ ಬಳಸು, ಇವೆಲ್ಲವೂ ಕಾಲವನ್ನು ವ್ಯತ್ಯಾಸಗೊಳಿಸುತ್ತವೆ. ಆ ವಿಮಾನವು ಬೆಂಗಳೂರನ್ನು ಸೇರಿದ್ದು ಜನವರಿ 11ರ ನಸುಕಿನಲ್ಲಿ. ಸ್ಥಳೀಯ ಗಡಿಯಾರಗಳಂತೆ ಮೂವತ್ತೂವರೆ ಗಂಟೆ ಕಳೆದಂತೆ ತೋರಿದರೂ, ಅದರಲ್ಲಿ ಹದಿಮೂರೂವರೆ ಗಂಟೆ ಎರಡು ಊರುಗಳ ವೇಳೆಯ ಅಂತರವೇ ಹೊರತು ಪಯಣದ ಕಾಲವಲ್ಲ.

ಭೂಪಟದ ಸರಳರೇಖೆಯನ್ನು ನಂಬಿದರೆ ಉಂಟಾಗುವ 2,100 ಕಿ.ಮೀ. ವ್ಯತ್ಯಾಸವೆಂದರೆ ಎರಡು ಗಂಟೆಗೂ ಮಿಗಿಲಾದ ಹಾರಾಟ, ಅಷ್ಟೇ ಪ್ರಮಾಣದ ಇಂಧನ. ಎಲ್ಲಿಯೂ ಇಳಿಯದೆ ಸಾಗುವ ವಿಮಾನಕ್ಕೆ ಇದು ಅಲ್ಪವಾದ ಮಾತಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.