ರಾತ್ರಿಯ ರೈಲು ಮತ್ತು ನಮ್ಮ ಹೆಣ್ಣುಮಕ್ಕಳು

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರು. ಒಂದು ರಾತ್ರಿಯ ಹಾದಿ. ಪರೀಕ್ಷೆಗೋ ಕೆಲಸಕ್ಕೋ ಮಗಳೊಬ್ಬಳೇ ಹೊರಟರೆ ಮನೆಯವರಿಗೆ ನಿದ್ದೆ ಬಾರದು. ಹೆದರಿ ತಡೆದರೆ ಸಿಕ್ಕ ಕೆಲಸವೂ ಕೈತಪ್ಪೀತು. ಇರುವ ಅನುಕೂಲಗಳನ್ನು ತಿಳಿದು ಕಳುಹಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ.

ದೂರದ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರ್ ದರ್ಜೆಯಲ್ಲಿ ಹೆಂಗಸರಿಗೆಂದೇ ಆರು ಬರ್ತುಗಳ ಕೋಟಾ ಉಂಟು; ಟಿಕೆಟು ಕೊಳ್ಳುವಾಗಲೇ ಕೇಳಬೇಕು. 1989ರ ರೈಲ್ವೆ ಕಾಯಿದೆಯ 139ನೆಯ ಕಲಮಿನಂತೆ, ಗಂಡಸರ ಜೊತೆಯಿಲ್ಲದ ಹೆಂಗಸನ್ನು, ಟಿಕೆಟು ಇಲ್ಲದಿದ್ದರೂ ಸಹ, ರೈಲ್ವೆ ನೌಕರರು ರಾತ್ರಿ ಹೊತ್ತು ನಡುದಾರಿಯಲ್ಲಿ ಇಳಿಸುವಂತಿಲ್ಲ. ಸಹಾಯಕ್ಕೆ ಕರೆಯುವ ದೂರವಾಣಿ ಸಂಖ್ಯೆಯೂ 139, ನೆನಪಿಡುವುದು ಸುಲಭ. 2020ರಲ್ಲಿ ಆರಂಭವಾದ ‘ಮೇರಿ ಸಹೇಲಿ’ ಏರ್ಪಾಡಿನಲ್ಲಿ ರೈಲ್ವೆ ರಕ್ಷಣಾ ಪಡೆಯ ಮಹಿಳಾ ಸಿಬ್ಬಂದಿ ಒಂಟಿ ಪ್ರಯಾಣಿಕರ ಡಬ್ಬಿ, ಬರ್ತು ಬರೆದುಕೊಂಡು ಮುಂದಿನ ನಿಲ್ದಾಣಗಳಿಗೆ ತಿಳಿಸುತ್ತಾರೆ.

ಬೆಳಕು ಹರಿದ ಮೇಲೆ ವಿಜಯವಾಡ ಮುಟ್ಟುವ ಗಾಡಿಯನ್ನು ಆರಿಸಿರಿ. ಮುಂಚೆಯೇ ಮುಟ್ಟಿದರೆ ಹೊತ್ತು ಮೂಡುವ ತನಕ ಹೆಂಗಸರ ತಂಗುಕೋಣೆಯಲ್ಲಿ ಕುಳಿತಿರಲಿ. ಡಬ್ಬಿ, ಬರ್ತಿನ ಸಂಖ್ಯೆಗಳನ್ನು ಮನೆಯಲ್ಲಿಯೂ ಬರೆದಿಟ್ಟುಕೊಳ್ಳಿರಿ.

ಕೊನೆಯದಾಗಿ, ದೂರು ಕೊಡಲು ಹೆಣ್ಣುಮಗಳು ನಾಚಬೇಕಾಗಿಲ್ಲ; ನಾಚಬೇಕಾದವನು ಕಿರುಕುಳ ಕೊಟ್ಟವನು. ಈ ಮಾತನ್ನು ಮನೆಯ ಹಿರಿಯರೇ ಮುಂಚಿತವಾಗಿ ಹೇಳಿ ಕಳುಹಿಸಬೇಕು.